ಮೊಡವೆಯ ಪಾಠವನ್ನು ಎರಡು ಸಲ ಮಾಡಿದ ಅನುಭವ

ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬದಲಾವಣೆಗಳನ್ನು ಕುರಿತ ಘಟಕವಿದೆ. ಎತ್ತರ ಹೆಚ್ಚುವುದು, ಧ್ವನಿ ಒಡೆಯುವುದು, ಹಾರ್ಮೋನುಗಳು, ಆಹಾರ, ಸ್ವಚ್ಛತೆ ಇಷ್ಟೆಲ್ಲದರ ನಡುವೆ ಮೊಡವೆಗೆ ಸಿಗುವುದು ಎರಡು ಮೂರು ವಾಕ್ಯ ಮಾತ್ರ. ಬೆವರಿನ ಗ್ರಂಥಿ ಮತ್ತು ತೈಲ ಗ್ರಂಥಿಗಳ ಚಟುವಟಿಕೆ ಹೆಚ್ಚುವುದರಿಂದ ಮೊಡವೆ ಬರುತ್ತದೆ ಎಂಬಷ್ಟು. ಹದಿನಾರು ವಾರಗಳ ಇಂಟರ್ನ್‌ಶಿಪ್‌ನ ಎರಡನೇ ವಾರದಲ್ಲಿ ನಾನು ಆ ಭಾಗವನ್ನು ಐದು ನಿಮಿಷದಲ್ಲಿ ಮುಗಿಸಿದೆ. ಆ ಐದು ನಿಮಿಷದಲ್ಲಿ ಹೇಳಿದ ಒಂದು ತಪ್ಪನ್ನು ತಿದ್ದಲು ಉಳಿದ ಅವಧಿಯೆಲ್ಲ ಬೇಕಾಯಿತು. ನಮ್ಮಂತೆ ಬಿ.ಎಸ್ಸಿ. ಓದಿ ಬಿ.ಇಡಿ.ಗೆ ಬಂದಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬರುವ ವಿದ್ಯಾರ್ಥಿಯ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಅವನ ಹೆಸರು, ಶಾಲೆಯ ಹೆಸರು ಬೇಡ.

ಮೊದಲ ಪಾಠ

ಪಾಠ ಯೋಜನೆಯಲ್ಲಿ ಬರೆದಿದ್ದಂತೆ ನಾನು ಪ್ರಶ್ನೆಯಿಂದ ಆರಂಭಿಸಿದೆ. “ಮೊಡವೆ ಯಾಕೆ ಬರುತ್ತೆ?”

ಉತ್ತರಗಳು ಸಾಲಾಗಿ ಬಂದವು. ಕೊಳೆಯಿಂದ. ಮುಖ ತೊಳೆಯದೇ ಇದ್ದರೆ. ಬೋಂಡ, ಬಜ್ಜಿ ತಿಂದರೆ. ಮಾವಿನಹಣ್ಣಿನ ಉಷ್ಣಕ್ಕೆ. ಹಿಂದಿನ ಬೆಂಚಿನಿಂದ ಒಬ್ಬ “ಹಲಸಿನಕಾಯಿನ ಕೇಳಿ ಮಿಸ್” ಎಂದ. ತರಗತಿ ನಕ್ಕಿತು. ಕಿಟಕಿ ಪಕ್ಕ ಕೂತಿದ್ದ, ಕೆನ್ನೆ ಹಣೆಯೆಲ್ಲ ಮೊಡವೆಯಿದ್ದ ಹುಡುಗನೊಬ್ಬ ಪುಸ್ತಕದ ಕಡೆ ನೋಡತೊಡಗಿದ. ಆ ಅಡ್ಡಹೆಸರು ಯಾರದೆಂದು ಆಗ ನನಗೆ ಗೊತ್ತಾಯಿತು. ನಾನು ಮೇಜು ತಟ್ಟಿ ಸದ್ದಡಗಿಸಿ, ಮಕ್ಕಳ ಉತ್ತರಗಳಲ್ಲಿ ಪಾಠಕ್ಕೆ ಹೊಂದುವಂಥದ್ದನ್ನು ಆರಿಸಿಕೊಂಡು ಕಪ್ಪುಹಲಗೆಯ ಮೇಲೆ ಬರೆದೆ: ಎಣ್ಣೆ + ಕೊಳೆ = ಮೊಡವೆ. ಕೆಳಗೆ, ಪರಿಹಾರ: ಸ್ವಚ್ಛತೆ. ದಿನಕ್ಕೆ ಹಲವು ಸಲ ಸೋಪು ಹಚ್ಚಿ ಮುಖ ತೊಳೆಯಬೇಕು.

ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. “ಮಿಸ್, ಹಂಗಾದ್ರೆ ನೀವು ಮುಖ ತೊಳ್ಕೊಳ್ಳಲ್ವಾ?”

ನನ್ನ ಕೆನ್ನೆಯ ಮೇಲೆ ಪಿಯುಸಿ ಕಾಲದಿಂದ ಉಳಿದ ಕುಳಿಗಳಿವೆ. ಗದ್ದದ ಮೇಲೆ ಈಗಲೂ ತಿಂಗಳಿಗೊಮ್ಮೆ ಎರಡು ಮೂರು ಮೊಡವೆ ಏಳುತ್ತವೆ. ತರಗತಿ ಮತ್ತೆ ನಕ್ಕಿತು. ಅವನು ನಗಲಿಲ್ಲ. ಕುಚೋದ್ಯಕ್ಕೆ ಕೇಳಿದ್ದಲ್ಲ ಅದು. ಹಲಗೆಯ ಮೇಲಿನ ಸೂತ್ರಕ್ಕೂ ಎದುರಿಗಿದ್ದ ಮುಖಕ್ಕೂ ತಾಳೆಯಾಗದಿದ್ದಾಗ ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಅದು. ನಾನು “ಪಾಠದ ಪ್ರಶ್ನೆ ಕೇಳು” ಎಂದು ಗದರಿ ಮುಂದಿನ ಉಪಘಟಕಕ್ಕೆ ಹೋದೆ.

ಆ ದಿನದ ವೀಕ್ಷಣಾ ಹಾಳೆಯಲ್ಲಿ ನನ್ನ ಸಹಪಾಠಿ ಬರೆದದ್ದು: ಧ್ವನಿ ಸ್ಪಷ್ಟ, ಹಲಗೆಯ ಬಳಕೆ ಉತ್ತಮ, ತರಗತಿ ನಿಯಂತ್ರಣ ಚೆನ್ನಾಗಿದೆ. ಹೇಳಿದ ವಿಷಯ ನಿಜವೇ ಎಂದು ಕೇಳುವ ಕಲಂ ಆ ಹಾಳೆಯಲ್ಲಿ ಇರಲಿಲ್ಲ.

ಮುಂದಿನ ವಾರ ಆ ಹುಡುಗನ ಮುಖ ಕೆಂಪಾಗಿ, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಮಧ್ಯಾಹ್ನದ ಊಟದ ನಂತರ ನಲ್ಲಿಯ ಹತ್ತಿರ ನಿಲ್ಲಿಸಿ ಕೇಳಿದೆ. ಬಟ್ಟೆ ಒಗೆಯುವ ಸೋಪಿನ ತುಂಡು ಚೀಲದಲ್ಲಿಟ್ಟುಕೊಂಡು ದಿನಕ್ಕೆ ಐದಾರು ಸಲ ಮುಖ ತಿಕ್ಕಿ ತೊಳೆಯುತ್ತಿದ್ದನಂತೆ. “ನೀವೇ ಹೇಳಿದ್ರಲ್ಲ ಮಿಸ್” ಎಂದ. ಇಡೀ ತರಗತಿಯಲ್ಲಿ ನನ್ನ ಪಾಠವನ್ನು ನಂಬಿ ನಡೆದವನು ಅವನೊಬ್ಬನೇ.

ಚರ್ಮದೊಳಗೆ ನಡೆಯುವುದು

ನಾನು ಓದಿದ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಮತ್ತೆ ತೆಗೆದೆ. ಮೊಡವೆ ಹುಟ್ಟುವುದು ಚರ್ಮದ ಮೇಲಲ್ಲ, ಒಳಗೆ.

ನಮ್ಮ ಚರ್ಮದ ಪ್ರತಿ ಕೂದಲೂ ಒಂದು ಸಣ್ಣ ಕೊಳವೆಯೊಳಗಿಂದ ಮೇಲೆ ಬರುತ್ತದೆ. ಇದು ರೋಮಕೂಪ. ಅದರ ಪಕ್ಕಕ್ಕೆ ಅಂಟಿಕೊಂಡು ತೈಲ ಗ್ರಂಥಿ ಇರುತ್ತದೆ. ಅದು ಸ್ರವಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಜಿಡ್ಡು ಕೊಳವೆಯ ಮೂಲಕ ಮೇಲೇರಿ ಚರ್ಮದ ಮೇಲೆ ಹರಡಿ, ಚರ್ಮ ಒಣಗಿ ಬಿರಿಯದಂತೆ ಕಾಯುತ್ತದೆ. ಅಂಗೈ, ಅಂಗಾಲುಗಳಲ್ಲಿ ಈ ಗ್ರಂಥಿಗಳಿಲ್ಲ. ಮುಖ, ನೆತ್ತಿ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಬಹಳ ಇವೆ. ಮುಖದಲ್ಲಂತೂ ಒಂದು ಉಗುರಿನಷ್ಟು ಜಾಗದಲ್ಲಿ ನೂರಾರು ಇರುತ್ತವೆ. ಅಂಗೈಯಲ್ಲಿ ಮೊಡವೆ ಯಾಕಿಲ್ಲ, ಬೆನ್ನಲ್ಲಿ ಯಾಕಿದೆ ಎಂಬ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ.

ಮೊಡವೆ ಏಳಲು ನಾಲ್ಕು ಸಂಗತಿಗಳು ಸೇರಬೇಕು.

ಮೊದಲನೆಯದು ಜಿಡ್ಡು ಹೆಚ್ಚುವುದು. ಹರೆಯಕ್ಕೆ ಕಾಲಿಡುವಾಗ ದೇಹದಲ್ಲಿ ಆಂಡ್ರೋಜನ್ ಗುಂಪಿನ ಹಾರ್ಮೋನುಗಳು ಹೆಚ್ಚುತ್ತವೆ. ಇವು ಗಂಡುಮಕ್ಕಳಿಗೆ ಮಾತ್ರ ಸೇರಿದವು ಎಂದು ತಿಳಿಯುವುದು ತಪ್ಪು. ಹೆಣ್ಣುಮಕ್ಕಳಲ್ಲೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳು ಇವನ್ನು ಕಡಿಮೆ ಪ್ರಮಾಣದಲ್ಲಿ ತಯಾರಿಸುತ್ತವೆ. ಈ ಹಾರ್ಮೋನುಗಳ ಪ್ರಭಾವದಿಂದ ತೈಲ ಗ್ರಂಥಿ ದೊಡ್ಡದಾಗಿ ಹೆಚ್ಚು ಸೀಬಮ್ ಸುರಿಸುತ್ತದೆ.

ಎರಡನೆಯದು ಕೊಳವೆ ಕಟ್ಟುವುದು. ಕೊಳವೆಯ ಒಳಗೋಡೆಯ ಕೋಶಗಳು ಸತ್ತು ಉದುರಿ ಜಿಡ್ಡಿನೊಂದಿಗೆ ಹೊರಬರುವುದು ರೂಢಿ. ಮೊಡವೆಯ ಪ್ರವೃತ್ತಿ ಇರುವವರಲ್ಲಿ ಈ ಕೋಶಗಳು ಹೆಚ್ಚಾಗಿ ಹುಟ್ಟಿ, ಬಿಡಿಬಿಡಿಯಾಗಿ ಉದುರದೆ, ಒಂದಕ್ಕೊಂದು ಅಂಟಿ ಜಿಡ್ಡಿನೊಂದಿಗೆ ಬಿರಡೆಯಾಗುತ್ತವೆ. ಬಿರಡೆಯ ಬಾಯಿ ಮುಚ್ಚಿದ್ದರೆ ಬಿಳಿ ತಲೆಯ ಗುಳ್ಳೆ, ತೆರೆದಿದ್ದರೆ ಕಪ್ಪು ತಲೆಯ ಗುಳ್ಳೆ. ಆ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿಯ ಸಂಪರ್ಕದಲ್ಲಿ ಉತ್ಕರ್ಷಣಗೊಂಡ ಜಿಡ್ಡು ಸೇರಿ ಆ ಬಣ್ಣ ಬಂದಿರುತ್ತದೆ. ನಾನು ಹಲಗೆಯ ಮೇಲೆ “ಕೊಳೆ” ಎಂದು ಬರೆದದ್ದು ಇದನ್ನೇ ಕಣ್ಣಲ್ಲಿಟ್ಟುಕೊಂಡು.

ಮೂರನೆಯದು ಬ್ಯಾಕ್ಟೀರಿಯ. ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬುದು ಎಲ್ಲರ ಚರ್ಮದಲ್ಲೂ, ಮೊಡವೆಯಿಲ್ಲದವರ ಚರ್ಮದಲ್ಲೂ ವಾಸಿಸುತ್ತದೆ. ನಾವು ಓದಿದ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಪಿಯೋನಿಬ್ಯಾಕ್ಟೀರಿಯಮ್ ಆಕ್ನೆಸ್. ಇದಕ್ಕೆ ಆಮ್ಲಜನಕ ಕಡಿಮೆ ಇರುವ ಜಾಗ ಒಗ್ಗುತ್ತದೆ. ಬಾಯಿ ಕಟ್ಟಿದ, ಜಿಡ್ಡು ತುಂಬಿದ ಕೊಳವೆ ಅದಕ್ಕೆ ಹೇಳಿ ಮಾಡಿಸಿದ ಮನೆ.

ನಾಲ್ಕನೆಯದು ಉರಿಯೂತ. ದೇಹದ ರಕ್ಷಣಾ ವ್ಯವಸ್ಥೆ ಇದಕ್ಕೆ ಪ್ರತಿಕ್ರಿಯಿಸಿದಾಗ ಗುಳ್ಳೆ ಕೆಂಪಾಗುತ್ತದೆ, ನೋಯುತ್ತದೆ, ಕೀವು ತುಂಬುತ್ತದೆ. ಕೊಳವೆಯ ಗೋಡೆ ಒಳಗೇ ಒಡೆದರೆ ಉರಿಯೂತ ಆಳಕ್ಕಿಳಿದು ಗಂಟಾಗುತ್ತದೆ, ಮುಂದೆ ಕುಳಿ ಉಳಿಯುತ್ತದೆ.

ಈ ನಾಲ್ಕರಲ್ಲಿ ಯಾವುದೂ ಮುಖ ತೊಳೆಯದ ಸೋಮಾರಿತನದಿಂದ ಬಂದದ್ದಲ್ಲ. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬುದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು ಎಂದು ಅವಳಿಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಮೊಡವೆ ಅಂಟುರೋಗವೂ ಅಲ್ಲ. 12ರಿಂದ 24 ವರ್ಷದವರಲ್ಲಿ ಸುಮಾರು ಶೇ. 85 ಜನರಿಗೆ ಸ್ವಲ್ಪವಾದರೂ ಬರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದರೆ ತರಗತಿಯಲ್ಲಿ ಹಲಸಿನಕಾಯಿ ಎಂದು ಕೂಗುವವನೂ ಬಹುಶಃ ಆ ಸಾಲಿನಲ್ಲೇ ಇದ್ದಾನೆ, ಒಂದೆರಡು ವರ್ಷ ಹಿಂದೆ ಮುಂದೆ ಅಷ್ಟೆ.

ಎರಡು ಆಲಿಕೆಗಳ ಪ್ರಯೋಗ

ಓದಿದ್ದನ್ನು ಎಂಟನೇ ತರಗತಿಗೆ ಹೇಗೆ ತಲುಪಿಸುವುದು? ಮಾರ್ಗದರ್ಶಕ ಉಪನ್ಯಾಸಕರಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಮುಖ ತೊಳೆದರೆ ಮೊಡವೆ ಹೋಗುತ್ತೆ ಅನ್ನೋದು ಸುಳ್ಳು ಅಂತ ಮಕ್ಕಳ ಕಣ್ಣಿಗೆ ಹೇಗೆ ತೋರಿಸ್ತೀಯಮ್ಮ?” ಅದರಿಂದ ಹುಟ್ಟಿದ ಚಟುವಟಿಕೆ ಇದು.

ಬೇಕಾದದ್ದು: ಪ್ಲಾಸ್ಟಿಕ್ಕಿನ ಎರಡು ಆಲಿಕೆ, ಎರಡು ಗಾಜಿನ ಲೋಟ, ಸ್ವಲ್ಪ ಕಡಲೆಕಾಯಿ ಎಣ್ಣೆ, ರಾಗಿ ಹಿಟ್ಟು, ಸೋಪು, ಒಂದು ಬಟ್ಟೆ.

ಮೊದಲ ಆಲಿಕೆಗೆ ಬರಿಯ ಎಣ್ಣೆ ಸುರಿಯಬೇಕು. ಎಣ್ಣೆ ಸಲೀಸಾಗಿ ಇಳಿಯುತ್ತದೆ. ಎಣ್ಣೆಯಿದ್ದ ಮಾತ್ರಕ್ಕೆ ಕೊಳವೆ ಕಟ್ಟುವುದಿಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಎರಡನೆಯ ಆಲಿಕೆಯ ಕಾಂಡದೊಳಕ್ಕೆ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ರಾಗಿ ಹಿಟ್ಟನ್ನು ತುಂಬಿ, ಮೇಲಿನಿಂದ ಎಣ್ಣೆ ಸುರಿಯಬೇಕು. ಎಣ್ಣೆ ನಿಂತುಬಿಡುತ್ತದೆ. ಹಿಟ್ಟು ಸತ್ತ ಕೋಶಗಳಿದ್ದಂತೆ. ಈಗ ಒಬ್ಬ ವಿದ್ಯಾರ್ಥಿಯನ್ನು ಕರೆದು ಆಲಿಕೆಯ ಹೊರಮೈಯನ್ನು ಸೋಪು ನೀರಿನ ಬಟ್ಟೆಯಿಂದ ಚೆನ್ನಾಗಿ ಒರೆಸಲು ಹೇಳಬೇಕು. ಎಷ್ಟು ಒರೆಸಿದರೂ ಒಳಗಿನ ಎಣ್ಣೆ ಇಳಿಯುವುದಿಲ್ಲ.

ನನ್ನ ತರಗತಿಯಲ್ಲಿ ಒರೆಸಲು ಬಂದ ಹುಡುಗಿ ಮೂರು ಸಲ ಒರೆಸಿ, “ಹೊರಗೆ ಎಷ್ಟು ತಿಕ್ಕಿದ್ರೂ ಒಳಗಿರೋದು ಒಳಗೇ ಇರುತ್ತೆ ಮಿಸ್” ಎಂದಳು. ಆ ಮಾತನ್ನು ಹಾಗೇ ಹಲಗೆಯ ಮೇಲೆ ಬರೆದೆ.

ಮಾದರಿಯ ಮಿತಿಯನ್ನೂ ಹೇಳಲೇಬೇಕು. ಆಲಿಕೆಯಲ್ಲಿ ಎಣ್ಣೆ ಕೆಳಗಿಳಿಯುತ್ತದೆ, ಚರ್ಮದಲ್ಲಿ ಜಿಡ್ಡು ಮೇಲೇರುತ್ತದೆ. ಆಲಿಕೆಗೆ ಜೀವವಿಲ್ಲ, ಹಾಗಾಗಿ ಅದಕ್ಕೆ ಉರಿಯೂತವಿಲ್ಲ. ಈ ವ್ಯತ್ಯಾಸಗಳನ್ನು ಮಕ್ಕಳಿಂದಲೇ ಹೇಳಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಸೋಪಿನ ವಿಷಯಕ್ಕೆ ಅರಿಶಿನದ ಕಾಗದ ಸಾಕು. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಬಟ್ಟೆ ಸೋಪಿನ ನೀರು ಬಿದ್ದ ಕೂಡಲೇ ಕೆಂಪಾಗುತ್ತದೆ, ಅಂದರೆ ಅದು ಪ್ರತ್ಯಾಮ್ಲ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಪ್ರತ್ಯಾಮ್ಲದಿಂದ ದಿನಕ್ಕೆ ಆರು ಸಲ ತಿಕ್ಕಿದರೆ ಚರ್ಮದ ರಕ್ಷಣಾ ಪದರವೇ ಕೆಟ್ಟು, ಕೆಂಪಾಗಿ, ಉರಿಯೂತ ಹೆಚ್ಚುತ್ತದೆ. ಮೆದುವಾದ ಸೋಪು ಅಥವಾ ಫೇಸ್‌ವಾಶ್‌ನಿಂದ ಬೆಳಿಗ್ಗೆ, ಸಂಜೆ ಎರಡು ಸಲ, ಆಟವಾಡಿ ಬೆವರಿದಾಗ ಇನ್ನೊಂದು ಸಲ ತಿಕ್ಕದೆ ತೊಳೆದರೆ ಸಾಕು. ತೊಳೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಅದು ಮೊಡವೆಯ ಔಷಧವಲ್ಲ.

ಮನೆಯ ಮಾತುಗಳು

ಎರಡನೇ ಪಾಠದಲ್ಲಿ ಮಕ್ಕಳು ತಮ್ಮ ಮನೆಯಲ್ಲಿ ಕೇಳಿದ ಮಾತುಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿದರು. ಅವುಗಳಲ್ಲಿ ಹೆಚ್ಚು ಬಂದವುಗಳ ಬಗ್ಗೆ ಚರ್ಚಿಸಿದೆವು.

“ಎಣ್ಣೆ ತಿಂಡಿ ತಿಂದರೆ ಬರುತ್ತೆ.” ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಏರುವುದಿಲ್ಲ. ಸೀಬಮ್ ತಯಾರಾಗುವುದು ಗ್ರಂಥಿಯೊಳಗೆ. ಆದರೆ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ, ಅಂದರೆ ಸಿಹಿ ಪಾನೀಯ, ಮಿಠಾಯಿ, ಮೈದಾದ ತಿನಿಸು ಹೆಚ್ಚಾದರೆ ಕೆಲವರಲ್ಲಿ ಮೊಡವೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆ. ಹಾಲಿನ ವಿಷಯದಲ್ಲೂ ಸಂಬಂಧ ಕಂಡಿದೆ, ಆದರೆ ಅಷ್ಟು ಬಲವಾಗಿಲ್ಲ. ಬೆಳೆಯುವ ಮಕ್ಕಳಿಗೆ ಹಾಲು, ಮೊಟ್ಟೆ, ಕಡಲೆಕಾಯಿ ಬಿಡಿಸುವುದು ಸಲ್ಲದು.

ಇಲ್ಲಿ ಒಂಬತ್ತು, ಹತ್ತನೇ ತರಗತಿಯವರಿಗೆ ಹೇಳಬಹುದಾದ ಒಂದು ಪ್ರಯೋಗವಿದೆ. 1969ರಲ್ಲಿ ಅಮೆರಿಕದ ಸಂಶೋಧಕರು 65 ಜನರಿಗೆ ಕೆಲವು ವಾರ ಚಾಕೊಲೇಟ್ ಪಟ್ಟಿ, ಇನ್ನು ಕೆಲವು ವಾರ ಚಾಕೊಲೇಟ್ ಇಲ್ಲದ ಪಟ್ಟಿ ತಿನ್ನಿಸಿ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲ ಎಂದು ಬಹುಕಾಲ ಈ ಪ್ರಯೋಗವನ್ನು ಮುಂದಿಟ್ಟು ಹೇಳಲಾಯಿತು. ಆದರೆ ಎರಡನೆಯ ಪಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಕೊಬ್ಬು ಇತ್ತು ಎಂದು ಆಮೇಲೆ ಟೀಕಾಕಾರರು ತೋರಿಸಿದರು. ಹೋಲಿಕೆಗೆ ಇಟ್ಟುಕೊಂಡ ಗುಂಪು ಸರಿಯಿಲ್ಲದಿದ್ದರೆ ಪ್ರಯೋಗದ ತೀರ್ಮಾನವೂ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

“ತಲೆಗೆ ಎಣ್ಣೆ ಹಚ್ಚಿದರೆ ಬರುತ್ತೆ.” ಇದರಲ್ಲಿ ಸತ್ಯಾಂಶವಿದೆ. ಹಣೆಗೆ ಇಳಿಯುವ ತಲೆ ಎಣ್ಣೆ, ಜಿಡ್ಡಿನ ಕ್ರೀಮುಗಳು ರೋಮಕೂಪವನ್ನು ಕಟ್ಟಬಲ್ಲವು. ಎಣ್ಣೆ ಬೇಡವೆನ್ನುವ ಅಗತ್ಯವಿಲ್ಲ. ಹಣೆಗೆ ಇಳಿಯದಂತೆ ಕಡಿಮೆ ಹಚ್ಚಿ, ಹಣೆ ಒರೆಸಿಕೊಂಡು ಬರಲಿ.

“ನಿಂಬೆಹಣ್ಣು, ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತೆ.” ನಿಂಬೆರಸ ಪ್ರಬಲವಾದ ಆಮ್ಲ ಗುಣದ್ದು. ಚರ್ಮ ಸುಟ್ಟಂತಾಗಿ, ಬಿಸಿಲಿಗೆ ಹೋದಾಗ ಕಪ್ಪು ಕಲೆ ಉಳಿಯಬಹುದು. ಟೂತ್‌ಪೇಸ್ಟ್ ಇರುವುದು ಹಲ್ಲಿಗೆ. ಅರಿಶಿನ, ಶ್ರೀಗಂಧ, ತೇಯ್ದ ಜಾಯಿಕಾಯಿ ನಮ್ಮ ಅಜ್ಜಿಯರ ಕಾಲದಿಂದ ಬಂದವು. ಅವುಗಳಿಂದ ಉರಿ, ತುರಿಕೆ ಬಂದರೆ ಬಿಡಬೇಕು. ಆಳದ ಬಿರಡೆಯನ್ನು ಅವು ಕರಗಿಸುತ್ತವೆ ಎಂದು ಕಾಯುತ್ತ ಕೂತರೆ ಕುಳಿ ಬೀಳುವುದನ್ನು ತಡೆಯುವ ಕಾಲ ತಪ್ಪಿಹೋಗುತ್ತದೆ.

“ಹಿಂಡಿ ಕೀವು ತೆಗೆದರೆ ವಾಸಿ.” ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರನ್ನು ಅಮುಕಿದರೆ ಅದು ದುರ್ಬಲವಾದ ಕಡೆ ಒಡೆಯುತ್ತದೆ. ಗುಳ್ಳೆಯನ್ನು ಹಿಂಡಿದಾಗಲೂ ಕೊಳವೆಯ ಗೋಡೆ ಒಳಗೆ ಒಡೆದು ಉರಿಯೂತ ಹರಡಬಹುದು. ನನ್ನ ಕೆನ್ನೆಯ ಕುಳಿಗಳಲ್ಲಿ ಹಲವು ನನ್ನ ಉಗುರಿನ ಕೆಲಸ. ಇದನ್ನು ಮಕ್ಕಳ ಮುಂದೆ ಹೇಳಿದೆ. ಆಗ ಯಾರೂ ನಗಲಿಲ್ಲ.

ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ

ಶಿಕ್ಷಕರು ಔಷಧ ಬರೆಯುವವರಲ್ಲ. ಆದರೆ ನಾಲ್ಕು ಕಾರಣಗಳು ಗೊತ್ತಿದ್ದರೆ ಯಾವ ಚಿಕಿತ್ಸೆ ಎಲ್ಲಿ ಕೆಲಸ ಮಾಡುತ್ತದೆ ಎಂದು ವಿವರಿಸಬಹುದು. ಹಾಗೆ ತಿಳಿದ ಮಗು ಚಿಕಿತ್ಸೆಯನ್ನು ನಡುವೆ ಬಿಡುವುದಿಲ್ಲ.

ಬಿರಡೆ ಕಟ್ಟುವುದನ್ನು ತಡೆಯುವುದು ಅಡಪಲೀನ್‌ನಂಥ ರೆಟಿನಾಯ್ಡ್ ಲೇಪಗಳು. ರಾತ್ರಿ ಮಲಗುವಾಗ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟನ್ನು ತೆಳುವಾಗಿ ಹಚ್ಚುತ್ತಾರೆ. ಕಂಡ ಗುಳ್ಳೆಗೆ ಮಾತ್ರ ಹಚ್ಚಿದರೆ ಸಾಲದು, ಏಕೆಂದರೆ ಮುಂದಿನ ಗುಳ್ಳೆ ಈಗಾಗಲೇ ಕಣ್ಣಿಗೆ ಕಾಣದಂತೆ ಒಳಗೆ ತಯಾರಾಗುತ್ತಿರುತ್ತದೆ. ಮೊದಲ ವಾರಗಳಲ್ಲಿ ಚರ್ಮ ಒಣಗುತ್ತದೆ, ಉರಿಯುತ್ತದೆ. ಹಗಲು ಬಿಸಿಲಿನಿಂದ ರಕ್ಷಣೆ ಬೇಕು. ಸ್ಯಾಲಿಸಿಲಿಕ್ ಆಮ್ಲವೂ ಬಿರಡೆಯನ್ನು ಸಡಿಲಿಸುತ್ತದೆ, ಸ್ವಲ್ಪ ಸೌಮ್ಯವಾಗಿ.

ಬ್ಯಾಕ್ಟೀರಿಯಕ್ಕೆ ಬೆಂಜಾಯಿಲ್ ಪೆರಾಕ್ಸೈಡ್ ಇದೆ. ಅದು ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಆಮ್ಲಜನಕ ಒಗ್ಗದ ಜೀವಿಯ ಮನೆಗೆ ಆಮ್ಲಜನಕವನ್ನೇ ನುಗ್ಗಿಸುವ ಉಪಾಯ ಇದು. ಶೇ. 2.5ರ ಸಾಮರ್ಥ್ಯದ್ದೇ ಸಾಮಾನ್ಯವಾಗಿ ಸಾಕು. ದಿಂಬಿನ ಬಟ್ಟೆ, ಟವೆಲಿನ ಬಣ್ಣ ಬಿಳಿಚುತ್ತದೆ ಎಂದು ಮೊದಲೇ ಹೇಳಬೇಕು. ಕ್ಲಿಂಡಮೈಸಿನ್‌ನಂಥ ಪ್ರತಿಜೈವಿಕ ಲೇಪವನ್ನು ಒಂಟಿಯಾಗಿ ಬಳಸಬಾರದು. ಬ್ಯಾಕ್ಟೀರಿಯ ಅದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ವೈದ್ಯರು ಅದನ್ನು ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೆ ಕೊಡುತ್ತಾರೆ. ಉರಿಯೂತ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲವು ವಾರಗಳ ಮಟ್ಟಿಗೆ ಕೊಡುವುದುಂಟು.

ಗಂಟುಗಳಾಗಿ ಕುಳಿ ಬೀಳುವಂಥ ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಇದು ತೈಲ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಗರ್ಭಿಣಿಯರು ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗವೈಕಲ್ಯ ಬರುತ್ತದೆ. ಹಾಗಾಗಿ ರಕ್ತಪರೀಕ್ಷೆ ಮಾಡಿಸುತ್ತ, ಚರ್ಮವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ಔಷಧ. ಹೆಣ್ಣುಮಕ್ಕಳಲ್ಲಿ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗುವುದು, ಮುಖದಲ್ಲಿ ಒರಟು ಕೂದಲು ಕಂಡರೆ ಪಿಸಿಒಎಸ್ ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಯಾವ ಸರಿಯಾದ ಚಿಕಿತ್ಸೆಯೂ ಫಲ ಕೊಡಲು 8ರಿಂದ 12 ವಾರ ಬೇಕು. ರಾಗಿ ಬಿತ್ತಿದ ವಾರಕ್ಕೇ ತೆನೆ ಹುಡುಕುವವರಿಲ್ಲ. ಮುಖದ ವಿಷಯದಲ್ಲಿ ಮಾತ್ರ ಮೂರೇ ದಿನಕ್ಕೆ ಕನ್ನಡಿ ನೋಡಿ ನಿರಾಶರಾಗುತ್ತೇವೆ. ಆ ಆತುರವೇ ಮುಂದೆ ಹೇಳುವ ಅಪಾಯಕ್ಕೆ ಬಾಗಿಲು.

ನಾಲ್ಕು ದಿನದಲ್ಲಿ ಬೆಳಗಿದ ಮುಖ

ಸೋಪಿನಿಂದ ಸಿಪ್ಪೆ ಎದ್ದ ಮೇಲೆ ಆ ಹುಡುಗನ ತಾಯಿ ಔಷಧದ ಅಂಗಡಿಯೊಂದರಲ್ಲಿ ಕೇಳಿ ಒಂದು ಟ್ಯೂಬು ತಂದುಕೊಟ್ಟಿದ್ದರು. ನಾಲ್ಕೇ ದಿನದಲ್ಲಿ ಕೆಂಪು ಇಳಿದು ಮುಖ ನುಣುಪಾಯಿತು. ಅವನು ಮುಂದಿನ ಬೆಂಚಿಗೆ ಬಂದು ಕೂತ. ನನಗೂ ನೆಮ್ಮದಿಯಾಯಿತು. ಎರಡು ವಾರದ ನಂತರ, ಎರಡನೇ ಪಾಠ ಮುಗಿದ ದಿನ, ಅವನೇ ಟ್ಯೂಬು ತಂದು ತೋರಿಸಿ, “ಇದು ಬಿರಡೆ ತೆಗೆಯೋದಾ, ಬ್ಯಾಕ್ಟೀರಿಯಾಕ್ಕಾ ಮಿಸ್?” ಎಂದ. ಸಣ್ಣ ಅಕ್ಷರದಲ್ಲಿದ್ದ ಘಟಕಗಳನ್ನು ಓದಿದೆ. ಮೊದಲ ಹೆಸರೇ ಕ್ಲೊಬೆಟಾಸೋಲ್. ಅದು ಬಹಳ ಪ್ರಬಲವಾದ ಸ್ಟೀರಾಯ್ಡ್.

ಅವನ ಪ್ರಶ್ನೆಗೆ ಉತ್ತರ: ಎರಡೂ ಅಲ್ಲ. ಸ್ಟೀರಾಯ್ಡ್ ಉರಿಯೂತವನ್ನು ಅದುಮುತ್ತದೆ, ಹಾಗಾಗಿ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ. ಬಿರಡೆ ಒಳಗೆ ಹಾಗೇ ಇರುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಮುಖದಲ್ಲಿ ಕೂದಲು ಹೆಚ್ಚುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ. ಬಿಟ್ಟರೆ ಮೊದಲಿಗಿಂತ ಜೋರಾಗಿ ಉರಿದು ಕೆಂಪಾಗುತ್ತದೆ. ಹಾಗಾಗಿ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಬೆಳ್ಳಗಾಗಲೆಂದು ಇಂಥ ಮಿಶ್ರಣಗಳನ್ನು ವರ್ಷಗಟ್ಟಲೆ ಹಚ್ಚುವವರೂ ಇದ್ದಾರೆ. ಇದರಿಂದ ಹಾಳಾದ ಮುಖಗಳನ್ನು ನಮ್ಮ ದೇಶದ ಚರ್ಮವೈದ್ಯರು ಎಷ್ಟು ನೋಡಿದ್ದಾರೆಂದರೆ ಆ ಸ್ಥಿತಿಗೇ ಪ್ರತ್ಯೇಕ ಹೆಸರು ಬಂದಿದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ನಿಯಮ ಇರುವುದು ಗೊತ್ತಿದ್ದರೆ ತಾನೇ ಕೇಳುವುದು?

ಶಾಲೆಯ ವಿಜ್ಞಾನ ಶಿಕ್ಷಕರ ಜೊತೆ ಹುಡುಗನ ಮನೆಗೆ ಹೋದೆ. ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಆಗಷ್ಟೇ ಬಂದಿದ್ದರು. ಟ್ಯೂಬಿನ ವಿಷಯ ಹೇಳಿದಾಗ ಅವರು ಕೇಳಿದರು: “ಮೇಡಂ, ನೀವು ಮೊದ್ಲು ಸೋಪು ಅಂದ್ರಿ. ಈಗ ಇದೂ ಬೇಡ ಅಂತೀರಿ. ಯಾವುದನ್ನ ನಂಬ್ಲಿ?” ನಾನು ಮೊದಲು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಆ ಮಾತಿನ ನಂತರವೇ ಅವರು ಕೂರಲು ಹೇಳಿ ಕಾಫಿ ಮಾಡಿದ್ದು. ಮರುವಾರ ಅವರು ರಜೆ ಹಾಕಿ ಮಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಟ್ಯೂಬನ್ನು ಹಂತಹಂತವಾಗಿ ನಿಲ್ಲಿಸಿ ಬೇರೆ ಚಿಕಿತ್ಸೆ ಆರಂಭಿಸಿದರು. ನಿಲ್ಲಿಸಿದ ಮೊದಲ ದಿನಗಳಲ್ಲಿ ಮುಖ ಉರಿದು ಕೆಂಪಾಯಿತು, ಎರಡು ದಿನ ಅವನು ಶಾಲೆಗೂ ಬರಲಿಲ್ಲ. ಹೀಗಾಗುತ್ತದೆ ಎಂದು ಮೊದಲೇ ಗೊತ್ತಿದ್ದದ್ದರಿಂದ ಮತ್ತೆ ಟ್ಯೂಬಿಗೆ ಕೈ ಹಾಕಲಿಲ್ಲ.

ನಮಗಾಗಿ ಕೆಲವು ಮಾತು

ಈ ಅನುಭವದಿಂದ ನಾನು ಕಲಿತು, ನಂತರದ ಪಾಠಗಳಲ್ಲಿ ಪಾಲಿಸಿದ್ದು ಇಷ್ಟು.

ಮಕ್ಕಳ ಉತ್ತರಗಳಲ್ಲಿ ನಮಗೆ ಬೇಕಾದದ್ದನ್ನು ಆರಿಸಿ ಹಲಗೆಗೇರಿಸುವ ಮೊದಲು ಅದು ನಿಜವೇ ಎಂದು ಹಿಂದಿನ ದಿನವೇ ನೋಡಿಕೊಂಡಿರಬೇಕು. ಮೊಡವೆ, ಮುಟ್ಟು, ಬೆವರಿನ ವಾಸನೆಯಂಥ ವಿಷಯಗಳಲ್ಲಿ ನಮಗೇ ಗೊತ್ತಿಲ್ಲದೆ ಮನೆಯ ನಂಬಿಕೆ ಪಾಠದೊಳಗೆ ನುಸುಳುತ್ತದೆ.

ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನು ಕೈ ಎತ್ತಿಸಿ ಕೇಳಬಾರದು. ಹೆಸರಿಲ್ಲದ ಚೀಟಿ ಡಬ್ಬ ಸಾಕು. ಉದಾಹರಣೆ ಬೇಕಿದ್ದರೆ ತರಗತಿಯ ಯಾವ ಮಗುವಿನ ಮುಖವೂ ಬೇಡ. ನಮ್ಮದೇ ಇರಲಿ.

ಅಡ್ಡಹೆಸರು ಕೇಳಿದಾಗ ಮೇಜು ತಟ್ಟಿ ಸದ್ದಡಗಿಸಿದರೆ ಸಾಲದು. ಎರಡನೇ ಪಾಠದ ಕೊನೆಯಲ್ಲಿ ನಾನು ತರಗತಿಯನ್ನು ಕೇಳಿದೆ, ಹಾರ್ಮೋನು ಮಾಡಿದ ಕೆಲಸಕ್ಕೆ ಹುಡುಗನನ್ನು ಬಯ್ಯುವುದು ನ್ಯಾಯವೇ ಎಂದು. ಹಿಂದಿನ ಬೆಂಚು ಉತ್ತರಿಸಲಿಲ್ಲ. ಆದರೆ ಆ ಹೆಸರು ನಾನಿರುವ ತನಕ ನನ್ನ ಕಿವಿಗೆ ಮತ್ತೆ ಬೀಳಲಿಲ್ಲ.

ನೋವಿನ ಗಂಟು, ಕುಳಿ, 12 ವಾರವಾದರೂ ಕಡಿಮೆಯಾಗದ ಮೊಡವೆ ಇದ್ದರೆ, ಅಥವಾ ಮಗು ಮುಖದ ಕಾರಣಕ್ಕೆ ಶಾಲೆ ತಪ್ಪಿಸುತ್ತಿದ್ದರೆ ಪೋಷಕರಿಗೆ ಹೇಳಿ ವೈದ್ಯರ ಬಳಿ ಕಳಿಸಬೇಕು. ಹದಿಹರೆಯದವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮನೆಯಲ್ಲಿರುವ ಟ್ಯೂಬಿನ ಹೆಸರು ಓದುವುದನ್ನು ಮಕ್ಕಳಿಗೆ ಕಲಿಸಬಹುದು: ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ವೈದ್ಯರನ್ನು ಕೇಳದೆ ಮುಖಕ್ಕೆ ಹಚ್ಚಬಾರದು. ಈಗಾಗಲೇ ಹಚ್ಚುತ್ತಿದ್ದರೆ ತಾವೇ ಒಮ್ಮೆಲೇ ಬಿಡದೆ ವೈದ್ಯರಿಗೆ ತೋರಿಸಬೇಕು.

ಇಂಟರ್ನ್‌ಶಿಪ್ ಮುಗಿಯುವ ವಾರಕ್ಕೆ ಆ ಹುಡುಗನ ಚಿಕಿತ್ಸೆ ಹತ್ತನೇ ವಾರಕ್ಕೆ ಬಂದಿತ್ತು. ಹಣೆಯ ಗುಳ್ಳೆಗಳು ಬಹುಪಾಲು ಇಳಿದಿದ್ದವು. ಕೆನ್ನೆಯ ಮೇಲೆ ಕಪ್ಪು ಕಲೆಗಳಿದ್ದವು. ಅವು ಮಾಸಲು ತಿಂಗಳುಗಳೇ ಬೇಕು ಎಂದು ವೈದ್ಯರು ಹೇಳಿದ್ದರಂತೆ. ಬೀಳ್ಕೊಡುಗೆಯ ದಿನ ಅವನು ಬಂದು, “ಮಿಸ್, ನಿಮ್ಮ ಕುಳಿಗೂ ಔಷಧ ಇದ್ಯಾ?” ಎಂದು ಕೇಳಿದ. ಮೊದಲ ದಿನದ ಪ್ರಶ್ನೆಯ ಹಾಗೆ ಇದನ್ನೂ ನನ್ನ ಮುಖ ನೋಡಿಯೇ ಕೇಳಿದ್ದ. ಈ ಸಲ ಗದರಲಿಲ್ಲ. ಕುಳಿಗಳನ್ನು ತುಸು ಮಟ್ಟಿಗೆ ತುಂಬಿಸುವ ಚಿಕಿತ್ಸೆಗಳಿವೆ, ಪೂರ್ತಿ ಹೋಗುವುದು ಕಷ್ಟ, ಆದ್ದರಿಂದಲೇ ಬೀಳದಂತೆ ಮೊದಲೇ ನೋಡಿಕೊಳ್ಳಬೇಕು ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವನು ತಲೆಯಾಡಿಸಿ ಹೋದ.